ಏಳನೆಯ ಗ್ರೀನಿನ ಎರಡು ಕುಳಿಗಳು

ಆ ಬಡಾವಣೆಯಲ್ಲಿ ಜಾಗ ಬದಲಿಸುತ್ತಿದ್ದುದು ಕುಳಿಗಳು ಮಾತ್ರ. ಮನೆಗಳೆಲ್ಲ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತಿದ್ದವು. ರಸ್ತೆಗಳು ಮರಗಳನ್ನು ಬಳಸಿಕೊಂಡು ಸುತ್ತಿ ಸುತ್ತಿ ಹೊರಟಲ್ಲಿಗೇ ಬಂದು ಸೇರುತ್ತಿದ್ದವು. ಯಾವ ಮನೆಯ ಹಿತ್ತಿಲ ಗೇಟು ತೆರೆದರೂ ಎದುರಿಗೆ ದಟ್ಟವಾದ ತೋಪು. ತೋಪಿನ ನಡುವೆ ಅಗಲವಾದ ಹುಲ್ಲಿನ ಓಣಿಗಳು. ಒಂದೊಂದು ಓಣಿಯ ತುದಿಯಲ್ಲೂ ಮಖಮಲ್ಲು ಹಾಸಿದಂಥ ನುಣುಪು ನೆಲ. ಆ ನೆಲಕ್ಕೆ ಬಂಗಲೆಯವರಿಂದ ಹಿಡಿದು ಎಲೆ ಗುಡಿಸುವವರವರೆಗೆ ಎಲ್ಲರೂ ‘ಗ್ರೀನ್’ ಎನ್ನುತ್ತಿದ್ದರು. ಗ್ರೀನಿನಲ್ಲೊಂದು ಕುಳಿ, ಕುಳಿಯಲ್ಲೊಂದು ಬಾವುಟ. ಗಾಲ್ಫ್ ಆಡುವವರು ದೂರದ ಕಟ್ಟೆಯಿಂದ ಚೆಂಡು ಹೊಡೆಯುತ್ತ ಬಂದು, ಕೊನೆಗೆ ಅದನ್ನು ಆ ಕುಳಿಗೆ ಬೀಳಿಸಬೇಕು. ಅದಕ್ಕೆ ಬೇಕಾದ ಏಟುಗಳು ಕಡಿಮೆಯಾದಷ್ಟೂ ಮೆಚ್ಚುಗೆ ಹೆಚ್ಚು.

ಕುಳಿ ದಿನವೂ ಒಂದೇ ಕಡೆ ಇದ್ದರೆ ಅದರ ಸುತ್ತಲ ಹುಲ್ಲು ತುಳಿತಕ್ಕೆ ಸಿಕ್ಕಿ ಸಾಯುತ್ತದೆ. ಆಡುವವರಿಗೂ ಬೇಸರ ಬರುತ್ತದೆ. ಹಾಗಾಗಿ ಪ್ರತಿ ಬೆಳಿಗ್ಗೆ ಆಟಗಾರರು ಬರುವ ಮೊದಲೇ ಹಳೆಯ ಕುಳಿಯನ್ನು ಮುಚ್ಚಿ ಇನ್ನೊಂದು ಕಡೆ ಹೊಸದನ್ನು ತೆಗೆಯಬೇಕಾಗಿತ್ತು. ಆ ಕೆಲಸ ಮಾಡುತ್ತಿದ್ದವಳು ಕುಳಿಯಮ್ಮ. ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇತ್ತು. ಅದನ್ನು ಸಂಬಳದ ಹಾಳೆಯವರು ಬಿಟ್ಟರೆ ಬೇರೆ ಯಾರೂ ಬಳಸುತ್ತಿರಲಿಲ್ಲ. ಆಕೆಗೂ ಅದರ ಮೇಲೆ ಅಂಥ ಮಮತೆಯೇನೂ ಇರಲಿಲ್ಲ.

ನೋಡುವವರಿಗೆ ಕೆಲಸ ಸುಲಭ. ಎರಡು ಹಿಡಿಗಳಿರುವ, ಅಂಚು ಹರಿತವಾದ ಉಕ್ಕಿನ ಕೊಳವೆಯನ್ನು ಹೊಸ ಜಾಗದಲ್ಲಿ ನೆಟ್ಟಗೆ ನಿಲ್ಲಿಸಿ, ತಿರುಚುತ್ತ ಒತ್ತಿ ಮೇಲಕ್ಕೆಳೆದರೆ, ಹುಲ್ಲು ಬೇರು ಮಣ್ಣು ಸಮೇತ ಗುಂಡನೆಯ ಒಂದು ಬಿರಡೆ ಕೊಳವೆಯೊಳಗೆ ಬರುತ್ತದೆ. ಕೆಳಗೆ ಉಳಿದದ್ದು ಹೊಸ ಕುಳಿ. ಬಿರಡೆಯನ್ನು ಕೊಳವೆಯಲ್ಲೇ ಹೊತ್ತು ಹಳೆಯ ಕುಳಿಯ ಬಳಿಗೆ ಹೋಗಿ, ಅದರೊಳಗಿನ ಬಟ್ಟಲನ್ನು ಕೊಕ್ಕೆಯಿಂದ ಎತ್ತಿ, ಬಿರಡೆಯನ್ನು ಅಲ್ಲಿ ಕೂರಿಸಿ, ಮಟ್ಟ ನೋಡಿ, ಪಾದದಿಂದ ಒತ್ತಿ, ನೀರು ಚಿಮುಕಿಸಬೇಕು. ಬಟ್ಟಲೂ ಬಾವುಟವೂ ಹೊಸ ಕುಳಿಗೆ. ಇಂದಿನ ಕುಳಿಯ ಮಣ್ಣೇ ನಿನ್ನೆಯ ಕುಳಿಯನ್ನು ತುಂಬುತ್ತದೆ. ಹೊರಗಿನಿಂದ ತರುವುದೂ ಇಲ್ಲ, ಕೊನೆಯಲ್ಲಿ ಮಿಗುವುದೂ ಇಲ್ಲ.

ಹೀಗೆ ಮುಚ್ಚಿದ ಜಾಗದ ಮೇಲೆ ಚೆಂಡು ತಡವರಿಸದೆ ಉರುಳಿ ಹೋಗಬೇಕು. ನಿನ್ನೆ ಕುಳಿ ಎಲ್ಲಿತ್ತೆಂದು ಇಂದು ಯಾರೂ ಬೆರಳಿಟ್ಟು ತೋರಿಸುವಂತಿರಬಾರದು. ಕುಳಿಯಮ್ಮನ ಹೆಮ್ಮೆಯೆಲ್ಲ ಇದರಲ್ಲಿತ್ತು; ಕಾಣದ ಕೆಲಸದ ಹೆಮ್ಮೆಯಾದ್ದರಿಂದ ಅದನ್ನು ಯಾರೊಡನೆ ಹೇಳಿಕೊಳ್ಳುವುದೆಂದು ಮಾತ್ರ ತಿಳಿದಿರಲಿಲ್ಲ. ಒಮ್ಮೆ ಪಾರ್ಸೆಲ್ ತಲುಪಿಸುವವನೊಬ್ಬ ಮನೆ ಸಿಗದೆ ಅಲೆದಾಡುತ್ತಿದ್ದಾಗ, “ಅಗೋ, ಆ ಬಾವುಟದ ಎದುರಿಗೆ ಇದ್ಯಲ್ಲ, ಅದೇ ಮನೆ” ಎಂದು ತೋರಿಸಿದ್ದಳು. ಮರುದಿನವೂ ಅವನು ಬಾವುಟದ ಗುರುತಿನ ಮೇಲೆಯೇ ಹೋಗಿ ಇನ್ನಾರದೋ ಮನೆಗೆ ಯಾರದೋ ಚಪ್ಪಲಿ ಕೊಟ್ಟು ಬಂದ. ಅಂದಿನಿಂದ ಅವನು ಆಕೆಯನ್ನು ಕಂಡರೆ ಗಾಡಿ ತಿರುಗಿಸಿಬಿಡುತ್ತಿದ್ದ.

ಕುಳಿಯಮ್ಮನ ಮನೆ ಯಂತ್ರಗಳ ಶೆಡ್ಡಿನ ಹಿಂದೆ, ಕೆಲಸಗಾರರಿಗೆಂದು ಕಟ್ಟಿದ ಸಾಲಿನಲ್ಲಿತ್ತು. ಎರಡು ಕೋಣೆ, ಒಂದು ಅಡುಗೆಮನೆ. ಗಂಡ ಅದೇ ಮೈದಾನದಲ್ಲಿ ಹುಲ್ಲು ಕತ್ತರಿಸುವ ಯಂತ್ರ ಓಡಿಸುತ್ತಿದ್ದ. ಅವನು ಗ್ರೀನನ್ನು ಕತ್ತರಿಸಿ ಮುಂದೆ ಹೋದ ಮೇಲೆ ಆಕೆ ಕೊಳವೆ ಹಿಡಿದು ಹಿಂದೆ ಹೋಗಬೇಕು. “ಮದುವೆಯಲ್ಲಿ ಹಿಂದೆ ಬಾ ಅಂದಿದ್ರು, ಇನ್ನೂ ಬರ್ತಾನೇ ಇದಾಳೆ” ಎಂದು ಅವನು ಜೊತೆಯವರನ್ನು ನಗಿಸುತ್ತಿದ್ದ. ಮಕ್ಕಳಿರಲಿಲ್ಲ. ಒಳಕೋಣೆಯಲ್ಲಿ ಆಕೆಯ ಅಕ್ಕ ಇದ್ದಳು.

ಅಕ್ಕ ದರ್ಜಿಯಾಗಿದ್ದವಳು. ಮೈಮೇಲೆ ಟೇಪು ಇಡದೆ ಕಣ್ಣಳತೆಯಲ್ಲೇ ಷರಟು ಕತ್ತರಿಸಿ, ಕಾಲರಿನ ಒಂದು ಎಳೆಯೂ ಓರೆಯಾಗದಂತೆ ಹೊಲಿಯುತ್ತಿದ್ದಳು. ಒಂದು ದಿನ ಅಂಚೆಯವನು ಹೊಸ ಷರಟು ಹಿಡಿದು ಅಂಗಡಿಗೆ ವಾಪಸು ಬಂದ. “ಅಕ್ಕಾ, ನನಗೆ ಎರಡೂ ಎಡಗೈ ಅಂತ ನಿಮಗೆ ಯಾರು ಚಾಡಿ ಹೇಳಿದ್ರು?” ಎಂದು ಕೇಳಿದ. ಷರಟಿನ ಎರಡು ಬದಿಗೂ ಎಡಗೈಯ ತೋಳನ್ನೇ ಹೊಲಿದಿದ್ದಳು. ಅಂಗಡಿಯಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು, ಅಕ್ಕನೂ ನಕ್ಕಳು. ಮುಂದಿನ ತಿಂಗಳು ಇನ್ನೊಂದು ಷರಟಿಗೂ ಹಾಗೇ ಆದಾಗ ಯಾರೂ ನಗಲಿಲ್ಲ. ಆಮೇಲೆ ಕತ್ತರಿ ಇಟ್ಟ ಜಾಗ ಮರೆತಳು, ಅಂಗಡಿಯ ದಾರಿ ಮರೆತಳು, ಒಲೆಯ ಮೇಲೆ ಪಾತ್ರೆಯಿಟ್ಟು ಮರೆತಳು. ಈಗ ಕೆಲವು ದಿನ ತಂಗಿಯನ್ನು ‘ಪುಟ್ಟಿ’ ಎಂದು ಕರೆಯುತ್ತಾಳೆ; ಇನ್ನು ಕೆಲವು ದಿನ ತನ್ನ ಅಂಗಡಿಯಲ್ಲಿ ಹಿಂದೆ ಗುಂಡಿಗೆ ಕಾಜಾ ಹಾಕುತ್ತಿದ್ದ ಹುಡುಗಿಯೆಂದು ತಿಳಿದು, ಬಾಯಿಗೆ ಬಂದಂತೆ ಬೈಯುತ್ತಾಳೆ.

ಇದೆಲ್ಲ ಶುರುವಾದದ್ದು ಒಂದು ತೋಳಿನಿಂದ ಎಂಬುದನ್ನು ಕುಳಿಯಮ್ಮ ಮರೆತಿರಲಿಲ್ಲ.

ಆ ದಿನ ಆಕೆ ಎಲ್ಲ ಗ್ರೀನುಗಳನ್ನೂ ಮುಗಿಸಿ ಶೆಡ್ಡಿನ ನಲ್ಲಿಯ ಕೆಳಗೆ ಕೊಳವೆ ತೊಳೆಯುತ್ತಿದ್ದಾಗ ಸೀಟಿ ಕೇಳಿಸಿತು. ಮೈದಾನದ ಮೇಲ್ವಿಚಾರಕನ ಕೊರಳಲ್ಲಿ ಸದಾ ಒಂದು ಸೀಟಿ ತೂಗುತ್ತಿತ್ತು. ಅವನ ಅಡ್ಡಹೆಸರೂ ಅದೇ. ವಯಸ್ಸಿನಲ್ಲಿ ಆಕೆಗಿಂತ ಎಷ್ಟೋ ಚಿಕ್ಕವನು, ಕೆಟ್ಟವನಲ್ಲ, ಗಾಬರಿ ಮಾತ್ರ ಬಹಳ.

“ಕುಳಿಯಮ್ಮಾ, ಏಳಕ್ಕೆ ಬನ್ನಿ! ಇರೋ ಕೆಲ್ಸ ಬಿಟ್ಟು ಬನ್ನಿ!”

ಏಳನೆಯ ಗ್ರೀನಿನ ಸುತ್ತ ನಾಲ್ವರು ಹೆಂಗಸರು ಟೋಪಿ ಹಾಕಿಕೊಂಡು ಜಗಳಕ್ಕೆ ನಿಂತಿದ್ದರು. ಅವರಲ್ಲೊಬ್ಬಾಕೆ ವಕೀಲೆ. ಸೊಂಟದ ಮೇಲೆ ಕೈಯಿಟ್ಟುಕೊಂಡು, “ನನ್ನ ಚೆಂಡು ಕುಳಿಗೆ ಬಿದ್ದಿದೆ. ನನ್ನ ಆಟ ಮುಗೀತು” ಎನ್ನುತ್ತಿದ್ದಳು.

“ಬಾವುಟ ಅಲ್ಲಿದೆ, ನೀವು ಬೀಳಿಸಿದ್ದು ಇಲ್ಲಿ. ಬಾವುಟ ಇಲ್ಲದ್ದು ಹೇಗೆ ರೀ ಕುಳಿ ಆಗುತ್ತೆ?”

“ಹಾಗಾದ್ರೆ ಇದೇನು, ಇಲಿ ಬಿಲವಾ?”

ಬಾವುಟವಿದ್ದ ಹೊಸ ಕುಳಿಯಿಂದ ಸ್ವಲ್ಪ ದೂರದಲ್ಲಿ ಇನ್ನೊಂದು ಕುಳಿ ಬಾಯಿ ತೆರೆದುಕೊಂಡಿತ್ತು. ಅದರೊಳಗೆ ಬಟ್ಟಲಿರಲಿಲ್ಲ. ಬರಿಯ ಹಸಿಮಣ್ಣು, ಅದರ ಮೇಲೆ ವಕೀಲೆಯ ಬಿಳಿ ಚೆಂಡು. ಅದು ನಿನ್ನೆಯ ಕುಳಿ. ಒಂದೇ ಗ್ರೀನಿನಲ್ಲಿ ಎರಡು ಕುಳಿ!

ಕುಳಿಯಮ್ಮನಿಗೆ ಮೊದಲು ಕಂಡದ್ದು ಕುಳಿಯಲ್ಲ, ಅಂಚೆಯವನ ಷರಟು.

“ಮುಚ್ಚಿದ್ದೆ” ಎಂದಳು. ಹೇಳಿದ ಮರುಕ್ಷಣವೇ ಆ ಮಾತಿನ ಕೆಳಗೆ ನೆಲ ಇದೆಯೋ ಇಲ್ಲವೋ ಎಂದು ಅನುಮಾನವಾಯಿತು. ಮುಚ್ಚಿದ್ದು ನೆನಪಿದೆ, ನಿಜ. ಮಂಡಿಯೂರಿ ಕುಳಿತದ್ದು, ಬಿರಡೆ ಒಳಗಿಳಿದದ್ದು, ಪಾದದಡಿ ನೆಲ ಒಮ್ಮೆ ಅದುಮಿ ನಿಂತದ್ದು, ಎಲ್ಲವೂ ನೆನಪಿದೆ. ಆದರೆ ಅದು ಇಂದಿನದೋ, ನಿನ್ನೆಯದೋ, ಕಳೆದ ವರ್ಷದ್ದೋ? ದಿನವೂ ಅದೇ ಮಂಡಿ, ಅದೇ ಪಾದ, ಅದೇ ಗ್ರೀನು. ಒಂದರ ಮೇಲೊಂದು ಪೇರಿಸಿದ ಬಿಳಿ ತಟ್ಟೆಗಳಲ್ಲಿ ಈ ಬೆಳಗಿನ ತಟ್ಟೆ ಯಾವುದೆಂದು ಹೇಗೆ ಗುರುತಿಸುವುದು?

“ಮುಚ್ಚಿದ್ರೆ ತೆರೆದಿರೋದು ಹೇಗಮ್ಮ?” ಎಂದ ಸೀಟಿ, ಮೆಲ್ಲಗೆ.

“ಕುಳಿಯ ಬಾಯಿ ನೋಡಿ. ಅಂಚೆಲ್ಲ ಹರಿದಿದೆ. ನಾನು ತೆಗೆದ ಕುಳಿ ಹೀಗಿರಲ್ಲ.”

“ಇವರೆಲ್ಲ ಕೈ ಹಾಕಿ ಚೆಂಡು ತೆಗೆಯೋಕೆ ಹೋಗಿರ್ತಾರೆ, ಹರಿದಿರುತ್ತೆ. ಅದಿರ್ಲಿ, ಬಿರಡೆ ಎಲ್ಲಿ?”

ಆಕೆ ಬಿರಡೆಗಾಗಿ ಸುತ್ತ ನೋಡಿದಳು. ಪೊದೆಯ ಬುಡದಲ್ಲಿಲ್ಲ, ಮರಳಿನ ಗುಂಡಿಯಲ್ಲಿಲ್ಲ, ಕೈಗಾಡಿಯಲ್ಲಿಲ್ಲ. ಸೀಟಿ ಶೆಡ್ಡಿನಿಂದ ಬೇರೆ ಹುಲ್ಲುಗಡ್ಡೆ ತರಿಸಿ ಆ ಕುಳಿಯನ್ನು ಮುಚ್ಚಿಸಿದ. ಕೂರಿಸಿದವನ ಕೈ ಒರಟು. ತೇಪೆ ಹಾಕಿದ್ದು ದೂರದಿಂದಲೇ ಕಾಣುತ್ತಿತ್ತು. ವಕೀಲೆ ತನ್ನ ಆಟ ಮುಗಿದಿದೆಯೆಂದು ಕೊನೆಯವರೆಗೂ ವಾದಿಸಿಯೇ ಹೋದಳು.

ಅವರು ಹೋದ ಮೇಲೆ ಸೀಟಿ ಆಕೆಯ ಪಕ್ಕದಲ್ಲಿ ಬಂದು ನಿಂತ. “ಬೇಜಾರು ಮಾಡ್ಕೋಬೇಡಿ. ಕೆಲವು ದಿನ ನಾನೂ ನಿಮ್ಮ ಹಿಂದೆ ಬರ್ತೀನಿ. ಇನ್ನೊಂದ್ಸಲ ಹೀಗಾದ್ರೆ ಕೊಳವೇನ ಬೇರೆ ಯಾರಿಗಾದ್ರೂ ಕೊಡೋಣ. ನೀವು ನೆರಳಲ್ಲಿ ಎಲೆ ಗುಡಿಸಿಕೊಂಡು ಆರಾಮಾಗಿರಿ. ವಯಸ್ಸೂ ಆಯ್ತಲ್ಲ.”

ಬೈದಿದ್ದರೆ ಎದುರು ಮಾತಾಡಬಹುದಿತ್ತು. ಕನಿಕರಕ್ಕೆ ಏನೆಂದು ಉತ್ತರಿಸುವುದು?

ಮಧ್ಯಾಹ್ನ ಮನೆಗೆ ಬಂದಾಗ ಸುದ್ದಿ ಆಕೆಗಿಂತ ಮುಂಚೆಯೇ ಅಲ್ಲಿಗೆ ತಲುಪಿತ್ತು. ಗಂಡ ಎಂದಿನಂತೆ ತಮಾಷೆ ಮಾಡಲಿಲ್ಲ.

“ಏನೂ ಆಗಿಲ್ಲ ಕಣೇ. ಯಾರಿಗಾದ್ರೂ ಆಗುತ್ತೆ. ನಾನೇ ಎಷ್ಟೋ ಸಲ ಡೀಸೆಲ್ ಹಾಕೋದು ಮರೀತೀನಿ.”

“ನೀವು ಮರೆಯೋದು ಸೋಮಾರಿತನಕ್ಕೆ. ನಾನು ಮರೆತಿಲ್ಲ.”

“ಸರಿ, ಮರೆತಿಲ್ಲ” ಎಂದ, ತೀರ ಬೇಗ.

ಅಡುಗೆ ಮುಗಿಸಿ ಆಕೆ ಹೊರಗೆ ಬಂದಾಗ ಅವನು ನೀರು ಕುಡಿಯುವ ನೆಪ ಮಾಡಿ ಒಳಗೆ ಹೋದ. ಬಾಗಿಲ ಸಂದಿಯಿಂದ ಕುಳಿಯಮ್ಮ ನೋಡಿದಳು. ಅವನು ಲೋಟ ಮುಟ್ಟಲಿಲ್ಲ. ಗ್ಯಾಸ್ ಒಲೆ ಆರಿಸುವ ಗುಬ್ಬಿಗಳನ್ನು ಒಂದೊಂದಾಗಿ ಮುಟ್ಟಿ, ಆರಿದೆಯೋ ಇಲ್ಲವೋ ಎಂದು ತಿರುಗಿಸಿ ನೋಡಿ, ಸದ್ದಾಗದಂತೆ ಹಿಂದಕ್ಕೆ ಬಂದ. ಅಕ್ಕ ಅಡುಗೆ ಮಾಡುತ್ತಿದ್ದ ಕೊನೆಯ ದಿನಗಳಲ್ಲಿ ಅವನು ಹೀಗೆಯೇ, ಇಷ್ಟೇ ಮೆಲ್ಲಗೆ, ಒಳಗೆ ಹೋಗಿ ಬರುತ್ತಿದ್ದ.

ಆಕೆ ಒಳಕೋಣೆಗೆ ಹೋಗಿ ಅಕ್ಕನ ಪಕ್ಕದಲ್ಲಿ ಕುಳಿತಳು. ಅಕ್ಕನಿಗೆ ಏನು ಹೇಳಿದರೂ ಸುರಕ್ಷಿತ. ಸಂಜೆಯ ಹೊತ್ತಿಗೆ ಅದು ಉಳಿದಿರುವುದಿಲ್ಲ. ಆದ್ದರಿಂದ ಎಲ್ಲವನ್ನೂ ಹೇಳಿದಳು. ಕತ್ತರಿಸಿದ್ದು, ತುಂಬಿದ್ದು, ತುಂಬಿದ್ದೂ ಖಾಲಿಯಾದದ್ದು.

ಅಕ್ಕ ಹೊದಿಕೆಯ ಅಂಚನ್ನು ಬೆರಳಲ್ಲಿ ಮಡಿಸುತ್ತ ಕೇಳಿದಳು. ಆಮೇಲೆ ಇದ್ದಕ್ಕಿದ್ದಂತೆ ಹುಬ್ಬು ಗಂಟಿಕ್ಕಿ, “ಏ ಕಾಜಾ, ತುಂಡು ಎಲ್ಲಿ?” ಎಂದಳು.

“ಯಾವ ತುಂಡಕ್ಕಾ?”

“ನಾಟಕ ಆಡ್ಬೇಡ. ಕತ್ತರಿಸಿದ ಮೇಲೆ ತುಂಡು ಇರ್ಬೇಕು ತಾನೇ? ತೋಳಿಗೆ ಹಾಕಿಲ್ಲ ಅಂದ್ರೆ ಮೇಜಿನ ಮೇಲಿರ್ಬೇಕು, ಮೇಜಿನ ಮೇಲಿಲ್ಲ ಅಂದ್ರೆ ನಿನ್ನ ಚೀಲದಲ್ಲಿರ್ಬೇಕು. ಬಟ್ಟೆ ಏನು ಕರ್ಪೂರವಾ ಕರಗಿ ಹೋಗೋಕೆ? ತೆಗೀ ಚೀಲ!”

ಹಿಂದೆ ಆ ಕಾಜಾ ಹುಡುಗಿ ಬಟ್ಟೆಯ ತುಂಡುಗಳನ್ನು ಚೀಲದಲ್ಲಿ ಸಾಗಿಸುತ್ತಿದ್ದುದು ನಿಜ. ಅದನ್ನು ಕಂಡುಹಿಡಿದ ಸಿಟ್ಟು ಎಲ್ಲ ನೆನಪುಗಳೂ ಹೋದ ಮೇಲೆಯೂ ಅಕ್ಕನಲ್ಲಿ ಉಳಿದುಕೊಂಡಿತ್ತು. ಕುಳಿಯಮ್ಮ ಎದ್ದು ತನ್ನ ಚೀಲ ತಂದು ಹಾಸಿಗೆಯ ಮೇಲೆ ಸುರಿದು ತೋರಿಸಿದಳು. ಬಾಚಣಿಗೆ, ಕರವಸ್ತ್ರ, ಬೀಗದ ಕೈ. ಅಕ್ಕನಿಗೆ ಸಮಾಧಾನವಾಗಲಿಲ್ಲ. ತೋರಿಸುತ್ತಿದ್ದವಳಿಗೂ ಆಗಲಿಲ್ಲ.

ಮರೆತದ್ದೇ ನಿಜವಾದರೆ ಬಿರಡೆ ಎಲ್ಲೋ ಬಿದ್ದಿರಲೇಬೇಕು. ಸಿಕ್ಕರೆ ಮರೆತವಳು ತಾನೇ ಎಂಬುದು ಖಚಿತ. ಸಿಗದಿದ್ದರೆ? ಎತ್ತಿಕೊಂಡು ಹೋಗಿ ಇನ್ನೆಲ್ಲೋ ಇಟ್ಟು ಅದನ್ನೂ ಮರೆತಿರಬಹುದಲ್ಲವೆ? ಅಕ್ಕ ಕತ್ತರಿಯನ್ನು ಅಕ್ಕಿಯ ಡಬ್ಬದಲ್ಲಿಟ್ಟಿದ್ದಳು. ಕುಳಿಯಮ್ಮ ಅಂದು ಸಂಜೆ ಯಾರೂ ನೋಡದಂತೆ ಅಕ್ಕಿಯ ಡಬ್ಬವನ್ನು ತೆರೆದು ಕೈಯಾಡಿಸಿ ನೋಡಿದಳು. ನೋಡಿದ್ದಕ್ಕೆ ತನ್ನ ಮೇಲೆಯೇ ಸಿಟ್ಟು ಬಂತು.

ಮುಂದಿನ ದಿನಗಳಲ್ಲಿ ಆಕೆ ಬಿರಡೆಯನ್ನು ಹುಡುಕಿದಳು. ಹೊಸ ಕುಳಿ ತೆಗೆದು ಹಳೆಯದನ್ನು ಮುಚ್ಚುವಾಗ ಸೀಟಿ ಕೈಕಟ್ಟಿ ಹಿಂದೆ ನಿಂತಿರುತ್ತಿದ್ದ; ಮುಚ್ಚಿದ ಕೂಡಲೇ “ಹಾಂ, ಆಯ್ತು” ಎನ್ನುತ್ತಿದ್ದ, ಮಗುವಿಗೆ ಅನ್ನುವ ಹಾಗೆ. ಅವನು ಊಟಕ್ಕೆ ಹೋದಾಗ ಆಕೆ ಕಸದ ತಿಪ್ಪೆ ಕೆದಕಿದಳು, ಎಲೆಗಳ ರಾಶಿ ಕೆದಕಿದಳು. ಸಿಕ್ಕಿದ್ದೆಲ್ಲ ಕಳೆದುಹೋದ ಚೆಂಡುಗಳು. ದಿನ ಕಳೆದಂತೆ ಆಕೆ ಮುಚ್ಚಿ ಬಂದ ಗ್ರೀನಿಗೆ ಮತ್ತೆ ಹೋಗಿ ನೋಡುವಳು. ಮುಚ್ಚಿರುವುದನ್ನು ಕಂಡು ಹೊರಟು, ಅರ್ಧ ದಾರಿಯಲ್ಲಿ, ಈಗ ಕಂಡದ್ದು ಈ ಗ್ರೀನಿನದೋ ಹಿಂದಿನದೋ ಎಂದು ನಿಂತುಬಿಡುವಳು. ಮರಗಳೆಲ್ಲ ಒಂದೇ ಥರ, ಮನೆಗಳೆಲ್ಲ ಒಂದೇ ಥರ. ಇಷ್ಟು ವರ್ಷ ಕಣ್ಣುಮುಚ್ಚಿ ಓಡಾಡಿದ ಮೈದಾನದಲ್ಲಿ ಒಂದು ಬೆಳಿಗ್ಗೆ ದಾರಿ ತಪ್ಪಿ, ಪಾರ್ಸೆಲ್ಲಿನವನ ಹಾಗೆ ಸುತ್ತು ಹೊಡೆದಳು. ಹೀಗೆಯೇ ಶುರುವಾಗುವುದು ಎಂದುಕೊಂಡಳು.

ನಾಲ್ಕೈದು ದಿನವಾಗಿರಬೇಕು. ಏಳನೆಯ ಗ್ರೀನಿನ ಅಂಚಿನ ಮನೆಯಿಂದ ಹೆಂಗಸಿನ ಧ್ವನಿ ಬೇಲಿ ದಾಟಿ ಬಂತು.

“ಗುಲಾಬಿ ಕಿತ್ತು ಬಿಸಾಕಿ, ಆ ಕುಂಡದಲ್ಲಿ ಹುಲ್ಲು ಸಾಕ್ತಿದ್ದೀರಲ್ಲ! ನಾಳೆ ಅದನ್ನ ತಿನ್ನೋಕೆ ಒಂದು ಹಸೂನೂ ತಂದುಬಿಡಿ!”

“ಮೆಲ್ಲಗೆ ಮಾತಾಡು ಮಾರಾಯ್ತಿ!”

ಅದು ದಂತವೈದ್ಯರ ಮನೆ. ಅವರು ಕೆಲಸದಿಂದ ನಿವೃತ್ತರಾಗಿ, ಒಬ್ಬರೇ ಸಂಜೆಯ ಹೊತ್ತು ಚೆಂಡು ಹೊಡೆಯುತ್ತ ಓಡಾಡುತ್ತಿದ್ದ ಸಾಧು ಮನುಷ್ಯ. ಹಿತ್ತಿಲ ಗೇಟು ತೆರೆದಿತ್ತು. ಕುಳಿಯಮ್ಮ ಕೊಳವೆಯನ್ನು ಹೆಗಲ ಮೇಲಿಟ್ಟುಕೊಂಡು ಇಣುಕಿದಳು. ದಂತವೈದ್ಯರು ಮಂಡಿಯೂರಿ, ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಬಾಗಿದ ತುದಿಯ ಪುಟ್ಟ ಕತ್ತರಿಯಿಂದ ಕುಂಡದ ಹುಲ್ಲನ್ನು ಎಳೆ ಎಳೆಯಾಗಿ ಸಮ ಮಾಡುತ್ತಿದ್ದರು. ಕುಂಡದ ನಡುವೆ ಗುಂಡಗೆ ನಿಂತಿದ್ದ ಹುಲ್ಲು ಹಿತ್ತಿಲ ಹುಲ್ಲಲ್ಲ. ಅಷ್ಟು ಸಣ್ಣ ಎಳೆಯ ಹುಲ್ಲು ಗ್ರೀನಿನಲ್ಲಿ ಮಾತ್ರ ಬೆಳೆಯುತ್ತಿತ್ತು.

ಕುಳಿಯಮ್ಮ ಹೆಗಲಿಂದ ಕೊಳವೆಯನ್ನು ಇಳಿಸಿ, ಒಳಗೆ ಬಂದು, ಕುಂಡದ ಪಕ್ಕದಲ್ಲಿ ನಿಲ್ಲಿಸಿದಳು. ಕೊಳವೆಯ ಬಾಯಿಗೂ ಹುಲ್ಲಿನ ಸುತ್ತಳತೆಗೂ ಕೂದಲೆಳೆಯ ವ್ಯತ್ಯಾಸವಿರಲಿಲ್ಲ.

ದಂತವೈದ್ಯರು ಕತ್ತರಿ ಕೆಳಗಿಟ್ಟರು. “ಅಮ್ಮಾ, ಕೂತ್ಕೊಳ್ಳಿ. ಒಂದ್ನಿಮಿಷ ಕೂತ್ಕೊಳ್ಳಿ, ಹೇಳ್ತೀನಿ.”

“ನಿಂತೇ ಕೇಳ್ತೀನಿ.”

ಅವರು ಹೇಳಿದ್ದು ಹೀಗೆ. ಎರಡು ಕುಳಿ ಕಂಡ ದಿನದ ಹಿಂದಿನ ಸಂಜೆ ಏಳನೆಯ ಕಟ್ಟೆಯಿಂದ ಅವರು ಹೊಡೆದ ಚೆಂಡು ಮರಗಳ ತುದಿಯನ್ನು ದಾಟಿ, ಗಾಳಿಯಲ್ಲೇ ಬಂದು, ನೆಲಕ್ಕೆ ತಾಗದೆ ನೇರ ಕುಳಿಗೆ ಬಿತ್ತು. ಒಂದೇ ಏಟು. ಜೀವಮಾನವಿಡೀ ಆಡಿದವರಿಗೂ ಸಿಗದ ಏಟು. ಅಂಥದ್ದನ್ನು ಹೊಡೆದವರ ಹೆಸರನ್ನು ಕ್ಲಬ್ಬಿನ ಗೋಡೆಯ ಹಲಗೆಯ ಮೇಲೆ ಬರೆಸುತ್ತಾರೆ. ಆದರೆ ಕಂಡವರೊಬ್ಬರು ಇರಬೇಕೆಂಬುದು ಅಲ್ಲಿಯ ನಿಯಮ. ಅವರು ಒಬ್ಬರೇ ಇದ್ದರು.

“ಕ್ಲಬ್ಬಲ್ಲಿ ಹೇಳ್ದೆ, ನಕ್ಕುಬಿಟ್ರು. ಇವಳಿಗೆ ಹೇಳ್ದೆ, ಹಗಲುಗನಸು ಅಂದ್ಳು. ಬೆಳಿಗ್ಗೆ ಎದ್ದು, ಬಾ, ಕುಳೀನೇ ತೋರಿಸ್ತೀನಿ ಅಂತ ಕರ್ಕೊಂಡು ಹೋದೆ. ನೋಡಿದ್ರೆ ಕುಳಿ ಅಲ್ಲಿಲ್ಲ! ಎಲ್ಲೋ ಆ ಕಡೆ ಇದೆ. ಇವಳು ನನ್ನ ಮುಖ ನೋಡಿದ ರೀತಿ ಇದೆಯಲ್ಲಾ...”

“ಹೇಗೆ ನೋಡಿದೆ ನಾನು?” ಎಂದು ಹೆಂಡತಿ ಬಾಗಿಲಿಂದ ಕೇಳಿದಳು.

“ಪಾಪ ಅನ್ನೋ ಹಾಗೆ ನೋಡಿದೆ” ಎಂದರು ದಂತವೈದ್ಯರು. ಕುಳಿಯಮ್ಮನ ಕಡೆ ತಿರುಗಿ, “ಕುಳಿ ದಿನಾ ಜಾಗ ಬದಲಿಸುತ್ತೆ ಅಂತ ನನಗೆ ಗೊತ್ತಿಲ್ವಾ? ಗೊತ್ತು. ಆದ್ರೂ ಆ ಹೊತ್ತಿಗೆ ತಲೆ ಕೆಟ್ಟೋಯ್ತು. ನಾನು ಹೊಡೆದದ್ದೇ ಸುಳ್ಳೇನೋ ಅನ್ನಿಸ್ತು. ಇವಳು ಮನೆಗೆ ಹೋದ ಮೇಲೆ ನೆಲದ ಮೇಲೆ ಬಗ್ಗಿ ಹುಡುಕಿದೆ. ಎಷ್ಟು ಹುಡುಕಿದ್ರೂ ಗುರುತೇ ಇಲ್ಲ! ಕೊನೆಗೆ ಬೆರಳಿಗೆ ಒಂದು ಸಣ್ಣ ಸಂದು ಸಿಕ್ತು. ಜೇಬಲ್ಲಿ ನನ್ನ ಹಳೇ ಕೊಂಡಿ ಇತ್ತು, ಹಲ್ಲಿನ ಸಂದಿ ನೋಡೋದು. ಅದ್ರಿಂದ ಸುತ್ತ ಬಿಡಿಸಿದೆ, ಬಂತು. ಒಳಗೆ ಕುಳಿ ಇತ್ತಮ್ಮ. ಇತ್ತು! ಅಷ್ಟೇ ನನಗೆ ಬೇಕಾಗಿದ್ದದ್ದು.”

“ವಾಪಸ್ ಯಾಕೆ ಹಾಕ್ಲಿಲ್ಲ?”

“ಬದುಕೆಲ್ಲ ಕಿತ್ತು ಅಭ್ಯಾಸ. ಕಿತ್ತದ್ದನ್ನ ಅದೇ ಜಾಗದಲ್ಲಿ ಕೂರಿಸಿದ್ದು ಯಾವತ್ತು? ಅಷ್ಟರಲ್ಲಿ ಹೆಂಗಸರು ಬಂದ್ರು. ಕೈಯಲ್ಲಿ ಹಿಡ್ಕೊಂಡೇ ಓಡಿಬಂದೆ. ಬಿಸಾಕೋಕೆ ಮನಸ್ಸು ಬರ್ಲಿಲ್ಲ. ನನ್ನ ಏಟಿನ ಮಣ್ಣು ಅಲ್ವಾ ಅಂತ ಕುಂಡದಲ್ಲಿಟ್ಟೆ.”

ಆ ಮಣ್ಣು ಅವರ ಏಟಿನದಲ್ಲ, ಮರುದಿನದ ಹೊಸ ಕುಳಿಯದು ಎಂಬ ಮಾತು ಕುಳಿಯಮ್ಮನ ನಾಲಿಗೆಯ ತುದಿಯವರೆಗೆ ಬಂದಿತ್ತು. ಆಕೆ ಅದನ್ನು ಅಲ್ಲಿಯೇ ತಡೆದಳು. ಆಕೆಯ ಚಿತ್ತ ಬೇರೊಂದು ಮಾತಿನಲ್ಲಿ ಸಿಕ್ಕಿಕೊಂಡಿತ್ತು.

“ನೆಲಕ್ಕೆ ತಾಗದೆ ಬಿತ್ತು ಅಂದ್ರಾ?”

“ನೇರ. ಬಾವುಟದ ಕೋಲಿಗೂ ತಾಗ್ಲಿಲ್ಲ.”

ಉರುಳಿ ಬಂದ ಚೆಂಡು ಕುಳಿಗೆ ನೋವು ಮಾಡದು. ಆಕಾಶದಿಂದ ಬಿದ್ದದ್ದು ಅಂಚನ್ನು ಸೀಳುತ್ತದೆ. ಸೀಳಿತ್ತು! ಬಟ್ಟಲು ಎತ್ತಲು ಬಗ್ಗಿದಾಗ ಕುಳಿಯ ಒಂದು ಬದಿ ಹಲ್ಲು ಮುರಿದ ಬಾಯಿಯ ಹಾಗಿತ್ತು. ಯಾವ ಪುಣ್ಯಾತ್ಮ ಒದ್ದು ಹೋದನೋ ಎಂದು ಬೈದುಕೊಂಡಿದ್ದಳು. ಬಿರಡೆ ಕೂರಿಸಿ, ಹರಿದ ಬದಿಯ ಸಂದಿಗೆ, ಇಂಥದ್ದಕ್ಕೆಂದೇ ಕೈಗಾಡಿಯಲ್ಲಿಡುತ್ತಿದ್ದ ಬಕೆಟ್ಟಿನ ಬಿಳಿ ಮರಳನ್ನು ಹೆಬ್ಬೆರಳಿಂದ ತುಂಬಿ ಅದುಮಿದ್ದಳು. ಪೇರಿಸಿದ ಬಿಳಿ ತಟ್ಟೆಗಳ ನಡುವೆ ಅಂಚು ಒಡೆದದ್ದೊಂದು ಇದ್ದಕ್ಕಿದ್ದಂತೆ ಕೈಗೆ ಸಿಕ್ಕಿತು. ಮರಳು ಉಗುರಿನ ಸಂದಿಗೆ ಸೇರಿ ಚುಚ್ಚಿದ್ದೂ ನೆನಪಾಯಿತು.

ಸಿಕ್ಕಿದ್ದು ನಿಜವಾಗಿಯೂ ಸಿಕ್ಕಿದ್ದೋ, ಈ ಮನುಷ್ಯನ ಮಾತು ಕೇಳಿ ತಾನು ಈಗ ಕಟ್ಟಿಕೊಂಡದ್ದೋ? ಅಕ್ಕನೂ ಹಾಗೆ ಕಟ್ಟುತ್ತಾಳೆ. ಬಾರದ ನೆಂಟರು ಬಂದಿದ್ದರೆಂದು, ಅವರು ಉಟ್ಟಿದ್ದ ಬಟ್ಟೆಯ ಬಣ್ಣ ಸಮೇತ ಹೇಳುತ್ತಾಳೆ.

“ಡಾಕ್ಟ್ರೇ, ಕುಂಡದಿಂದ ಇದನ್ನ ಎತ್ತಿ. ಒಂದು ಬದೀಲಿ, ಮೇಲ್ಗಡೆ, ಬಿಳಿ ಮರಳು ಮೆತ್ತಿರ್ಬೇಕು. ನಾನು ನೋಡಲ್ಲ, ನೀವೇ ನೋಡಿ ಹೇಳಿ.”

ಆಕೆ ಬೇಲಿಯ ಕಡೆ ಮುಖ ತಿರುಗಿಸಿ ನಿಂತಳು. ಬೆನ್ನ ಹಿಂದೆ ಕುಂಡ ಓರೆಯಾದ ಸದ್ದು, ಮಣ್ಣು ಸಡಿಲವಾದ ಸದ್ದು. ಆಮೇಲೆ ಯಾವ ಸದ್ದೂ ಇಲ್ಲ.

“ಒಂದು ಕಡೆ ಬೆಳ್ಳಗಿದೆ” ಎಂದಳು ಡಾಕ್ಟರ ಹೆಂಡತಿ. ಬಾಗಿಲು ಬಿಟ್ಟು ಯಾವಾಗಲೋ ಹತ್ತಿರ ಬಂದಿದ್ದಳು. “ಸುಣ್ಣ ಹಚ್ಚಿದ ಹಾಗಿದೆ. ಉಳಿದ ಕಡೆ ಎಲ್ಲ ಕರಿಮಣ್ಣು.”

ಕುಳಿಯಮ್ಮ ತಿರುಗಿದಳು. ಮರಳಿನ ನಡುವೆ ಹೆಬ್ಬೆರಳಿನ ಗುಳಿ ಮಸುಕಾಗಿ ಉಳಿದಿತ್ತು. ಆಗ ಮಾತ್ರ ಆಕೆ ಕೂತಳು, ಕೂರಲು ಯಾರೂ ಹೇಳದೆಯೇ, ಹಿತ್ತಿಲ ಮೆಟ್ಟಿಲ ಮೇಲೆ.

ದಂತವೈದ್ಯರು ಮೆಲ್ಲಗೆ ಕೇಳಿದರು: “ಅಮ್ಮಾ, ಇದು ನಮ್ಮಲ್ಲೇ ಇರ್ಲಿ, ಆಗುತ್ತಾ? ಹೊರಗೆ ಗೊತ್ತಾದ್ರೆ ಕ್ಲಬ್ಬಲ್ಲಿ ತಲೆ ಎತ್ತೋ ಹಾಗಿಲ್ಲ. ಹುಲ್ಲು ಕದ್ದ ಡಾಕ್ಟ್ರು ಅಂತ ನಗ್ತಾರೆ.”

“ನಗಲಿ. ನನ್ನ ನೋಡಿ ಯಾರೂ ನಗ್ಲಿಲ್ಲ ಡಾಕ್ಟ್ರೇ. ಅಯ್ಯೋ ಪಾಪ ಅಂದ್ರು. ನನ್ನ ಗಂಡ ನಾನು ಆರಿಸಿದ ಒಲೇನ ಕದ್ದು ನೋಡ್ತಾನೆ. ನೀವೇ ಬಂದು ಹೇಳ್ಬೇಕು.”

ದಂತವೈದ್ಯರು ಹೆಂಡತಿಯ ಮುಖ ನೋಡಿದರು. ಆಕೆ, “ನನ್ನ ಯಾಕೆ ನೋಡ್ತೀರಿ? ಚಪ್ಪಲಿ ಹಾಕ್ಕೊಂಡು ಹೊರಡಿ” ಎಂದಳು.

ಗೇಟಿನ ಬಳಿ ಅವರು ನಿಂತರು. “ಹಾಗಾದ್ರೆ ನೀವೂ ಒಂದು ಮಾತು ಹೇಳ್ತೀರಾ? ಕುಳಿಯ ಅಂಚು ಸೀಳಿತ್ತು ಅಂತ?”

“ಕಂಡಿದ್ದನ್ನ ಹೇಳ್ತೀನಿ. ಸೀಳಿದ್ದು ಕಂಡೆ. ನೀವು ಹೊಡೆದದ್ದು ಕಂಡಿಲ್ಲ, ಅದನ್ನ ಹೇಳಲ್ಲ.”

“ಅಷ್ಟು ಸಾಕು” ಎಂದು ಅವರು ಬಿರಡೆಯನ್ನು ಎರಡೂ ಕೈಯಲ್ಲಿ ಹಿಡಿದು ಹೊರಟರು.

ಶೆಡ್ಡಿನಲ್ಲಿ ಸೀಟಿಗೆ ವಿಷಯ ತಲೆಗೆ ಹೋಗಲು ಬಹಳ ಹೊತ್ತು ಹಿಡಿಯಿತು. “ಅಂದ್ರೆ, ಇವರು ಮುಚ್ಚಿದ್ದು, ನೀವು ಕಿತ್ತದ್ದು. ಕಿತ್ತದ್ದು ಕುಳಿ ಇದೆಯಾ ಅಂತ ನೋಡೋಕೆ. ಇತ್ತಾ?” “ಇತ್ತು.” “ಇದ್ದೇ ಇರುತ್ತಲ್ಲ ಸಾರ್, ಎಲ್ಲಿಗೆ ಹೋಗುತ್ತೆ?” “ಅದೇ ನನಗೂ ಬೇಕಾಗಿತ್ತು.” ಸೀಟಿ ಇಬ್ಬರ ಮುಖವನ್ನೂ ಸರದಿಯಂತೆ ನೋಡಿದ. ಹಲಗೆಯ ಮೇಲೆ ಹೆಸರು ಬರೆಸುವ ವಿಚಾರ ಕಮಿಟಿಗೆ ಹೋಯಿತು. ಸೀಳಿದ ಅಂಚನ್ನು ಕಂಡ ಸಾಕ್ಷಿ ಚೆಂಡನ್ನು ಕಂಡ ಸಾಕ್ಷಿಯಾಗುತ್ತದೆಯೇ ಎಂದು ಅವರು ಇನ್ನೂ ಚರ್ಚಿಸುತ್ತಿದ್ದಾರೆ. ವಕೀಲೆ ಎರಡೂ ಪಕ್ಷದಿಂದ ವಾದಿಸುತ್ತಿದ್ದಾಳಂತೆ. ಕುಳಿಯಮ್ಮನ ವಿಚಾರದಲ್ಲಿ ಸೀಟಿ ಇಷ್ಟೇ ಹೇಳಿದ: “ನಾಳೆಯಿಂದ ನಾನು ಹಿಂದೆ ಬರಲ್ಲಮ್ಮ.” ಆಮೇಲೆ ತಡೆದು, “ತಪ್ಪಾಯ್ತು” ಎಂದ.

ಬಿರಡೆಯನ್ನು ಆಕೆ ಮನೆಗೆ ತಂದಳು. ಗ್ರೀನಿಗೆ ಅದು ಇನ್ನು ಬೇಕಿರಲಿಲ್ಲ. ಅಕ್ಕ ಅದನ್ನು ಮಡಿಲಲ್ಲಿಟ್ಟುಕೊಂಡು ಹುಲ್ಲಿನ ಮೇಲೆ ಬೆರಳಾಡಿಸಿದಳು, ಬಟ್ಟೆಯ ಜಾತಿ ನೋಡುವವರ ಹಾಗೆ. ತಿರುವಿ ಅಡಿಯನ್ನೂ ನೋಡಿದಳು.

“ತುಂಡು ಸಿಕ್ತಕ್ಕಾ. ನನ್ನ ಚೀಲದಲ್ಲಿರ್ಲಿಲ್ಲ.”

“ಎಲ್ಲಿತ್ತು?”

“ಹಲ್ಲಿನ ಡಾಕ್ಟ್ರ ಹತ್ರ.”

ಅಕ್ಕ ಬಿರಡೆಯನ್ನು ಕಣ್ಣಳತೆಯಲ್ಲೇ ಅಳೆದಳು. “ಅವನಿಗೆ ಇದ್ರಲ್ಲಿ ಷರಟು ಆಗಲ್ಲ” ಎಂದಳು. ಆಮೇಲೆ, ಧ್ವನಿ ಬದಲಿಸಿ, “ಊಟ ಮಾಡಿದ್ಯಾ ಪುಟ್ಟಿ?” ಎಂದು ಕೇಳಿದಳು. ಹೀಗೆ ಕರೆದು ಬಹಳ ದಿನವಾಗಿತ್ತು. ಕುಳಿಯಮ್ಮನಿಗೆ ತನ್ನ ಊಟ ಆಗಿದೆಯೋ ಇಲ್ಲವೋ, ಆ ಕ್ಷಣಕ್ಕೆ ನೆನಪಾಗಲಿಲ್ಲ.

ಅಡುಗೆಮನೆಯಲ್ಲಿ ಸಣ್ಣ ಸದ್ದಾಯಿತು. ಎದ್ದು ಹೋಗಿ ನೋಡಿದರೆ ಗಂಡ ಒಲೆಯ ಮುಂದೆ ನಿಂತಿದ್ದ, ಕೈ ಇನ್ನೂ ಗುಬ್ಬಿಯ ಮೇಲಿತ್ತು. ಶೆಡ್ಡಿನಲ್ಲಿ ನಡೆದದ್ದೆಲ್ಲ ಅವನ ಕಿವಿಗೆ ಬಿದ್ದಿತ್ತು. ಕೈಗೆ ಮಾತ್ರ ಇನ್ನೂ ತಲುಪಿರಲಿಲ್ಲ. ಸಿಕ್ಕಿಬಿದ್ದವನಂತೆ ನಕ್ಕ.

“ಆರಿದೆಯಾ?” ಎಂದಳು ಕುಳಿಯಮ್ಮ.

“ಆರಿದೆ.”

“ಆರಿಸಿದ್ದು ಯಾರು?”

ಅವನು ಗುಬ್ಬಿಯಿಂದ ಕೈ ತೆಗೆದ. “ನೀನೇ ಕಣೇ” ಎಂದ.

ಆಕೆ ಅವನನ್ನು ಪಕ್ಕಕ್ಕೆ ಸರಿಸಿ, ಒಲೆಯ ಮೇಲಿದ್ದ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು. ಅನ್ನ ಮುಟ್ಟಿದ ಹಾಗಿರಲಿಲ್ಲ. ಊಟ ಮಾಡಿರಲಿಲ್ಲ. ತಟ್ಟೆ ತೆಗೆದುಕೊಂಡು ಬಡಿಸಿಕೊಂಡಳು.